ಸಿಗರೇಟು ಬಿಟ್ಟ ದಿನದ ವಾರ್ಷಿಕೋತ್ಸವ: ಮುಂದಿನ ಕುರ್ಚಿ ಹೊಸಬರಿಗಿರಲಿ

ನಾನು ಕೊನೆಯ ಸಿಗರೇಟು ಸೇದಿ ಈ ತಿಂಗಳಿಗೆ ಹನ್ನೆರಡು ವರ್ಷ. ದಿನಕ್ಕೆ 18ರಂತೆ ಇಪ್ಪತ್ತೊಂದು ವರ್ಷ ಸೇದಿದವನು ನಾನು. ಬಿಟ್ಟದ್ದು ಒಬ್ಬನೇ ಅಲ್ಲ, ಶನಿವಾರ ಸಂಜೆ ಸೇರುತ್ತಿದ್ದ ಏಳು ಜನರ ಜೊತೆ. ಆ ಏಳು ಈಗ ಮೂವತ್ತರ ಹತ್ತಿರ ಬಂದಿದೆ. ಯಾರಿಗಾದರೂ ಐದೋ ಹತ್ತೋ ವರ್ಷ ತುಂಬಿದರೆ ಆ ಸಂಜೆಯ ಏರ್ಪಾಡು ನನ್ನ ಪಾಲಿಗೆ ಬರುತ್ತದೆ. ಇಂಥ ಸಂಜೆ ಹೇಗಿರಬೇಕು, ಹೇಗಿರಬಾರದು ಅನ್ನುವುದನ್ನು ನಡೆಸುತ್ತಾ ನಡೆಸುತ್ತಾ ಕಲಿತೆ. ನಿಮ್ಮದೋ ನಿಮ್ಮವರದೋ ಅಂಥ ದಿನ ಹತ್ತಿರವಿದ್ದರೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ನನ್ನಿಂದಾದ ತಪ್ಪು ಹೇಳಿಬಿಡುತ್ತೇನೆ. ನನ್ನ ಆರನೇ ವರ್ಷದ ಸಂಜೆಯನ್ನು ದೊಡ್ಡದಾಗಿ ಮಾಡಿದೆವು. ನಲವತ್ತು ಜನ ಸೇರಿದ್ದರು. ಒಬ್ಬರಾದ ಮೇಲೊಬ್ಬರು ಎದ್ದು ನನ್ನ ಮನೋಬಲವನ್ನು ಹೊಗಳಿದರು, ನಾನೂ ಅರ್ಧ ಗಂಟೆ ಮಾತಾಡಿದೆ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಕೂತಿದ್ದ. ಸಿಗರೇಟು ಬಿಟ್ಟು ಅವನಿಗೆ ಒಂಬತ್ತು ದಿನ. ಕಾರ್ಯಕ್ರಮ ಅರ್ಧವಾಗುವಷ್ಟರಲ್ಲಿ ಎದ್ದು ಹೋದ. ಯಾರೂ ಗಮನಿಸಲಿಲ್ಲ, ನಾನಂತೂ ಗಮನಿಸಲೇ ಇಲ್ಲ. ಎರಡು ವಾರ ಕಳೆದು ಫೋನ್ ಮಾಡಿದಾಗ ಅವನು ಹೇಳಿದ: "ಅಣ್ಣಾ, ಅಲ್ಲಿ ಎಲ್ಲರೂ ವರ್ಷದ ಲೆಕ್ಕದಲ್ಲೇ ಮಾತಾಡ್ತಿದ್ರು. ನನ್ನ ಒಂಬತ್ತು ದಿನ ಹೇಳ್ಕೊಳ್ಳೋಕೇ ನಾಚಿಕೆ ಆಯ್ತು. ಗೇಟು ದಾಟಿದ ತಕ್ಷಣ ಹಚ್ಚಿಬಿಟ್ಟೆ."

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆರು ವರ್ಷ ಉಳಿಸಿಕೊಂಡವನ ಸಂಭ್ರಮ ಒಂಬತ್ತು ದಿನ ಉಳಿಸಿಕೊಂಡವನನ್ನು ಮತ್ತೆ ಸಿಗರೇಟಿಗೆ ತಳ್ಳಿತ್ತು. ಈಗ ನಾವು ಏನೇ ಮಾಡಿದರೂ ಒಂದೇ ಪ್ರಶ್ನೆ ಕೇಳಿಕೊಂಡು ಮಾಡುತ್ತೇವೆ: ಮೂರನೇ ದಿನದಲ್ಲಿರುವವರು ಈ ಸಂಜೆಯಿಂದ ಏನು ತೆಗೆದುಕೊಂಡು ಹೋಗುತ್ತಾರೆ? ಮುಂದೆ ಬರೆದಿರುವುದೆಲ್ಲ ಆ ಪ್ರಶ್ನೆಗೆ ನಾವು ಕಂಡುಕೊಂಡ ಉತ್ತರಗಳು.

ತಾರೀಖನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಸುಲಭದ ಕೆಲಸ ಅನಿಸಬಹುದು, ಆದರೆ ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಚರ್ಚೆಯಾಗಿರುವುದು ಇದರ ಮೇಲೆಯೇ. ನಾವು ಎಣಿಸುವುದು ಕೊನೆಯ ದಮ್ಮು ಎಳೆದ ದಿನದಿಂದ. ನಿಕೋಟಿನ್ ಗಮ್ಮೋ ಪ್ಯಾಚೋ ಬಳಸಿ ಬಿಟ್ಟವರು "ಅದನ್ನೂ ನಿಲ್ಲಿಸಿದ ಮೇಲೆ ತಾನೇ ನಿಜವಾಗಿ ಬಿಟ್ಟ ಹಾಗೆ?" ಎಂದು ಸಂಕೋಚಪಡುತ್ತಾರೆ. ಆ ಸಂಕೋಚ ಬೇಡ. ಗಮ್ಮು, ಪ್ಯಾಚು ಔಷಧಿಗಳು. ಎದೆಗೆ ಹೊಗೆ ಹೋಗುವುದು ಯಾವತ್ತು ನಿಂತಿತೋ ಅದೇ ಬಿಟ್ಟ ದಿನ. ನಡುವೆ ಜಾರಿ ಒಂದೆರಡು ಸೇದಿದ್ದರೆ ಮಾತ್ರ ತಾರೀಖು ಬದಲಾಗಬೇಕು ಅನ್ನುವುದು ನನ್ನ ಅಭಿಪ್ರಾಯ. ನನ್ನ ಮೊದಲ ತಾರೀಖು ಈಗಿನದ್ದಲ್ಲ, ಅದಕ್ಕಿಂತ ನಾಲ್ಕು ತಿಂಗಳು ಹಿಂದಿನದ್ದು. ಒಂದು ರಾತ್ರಿ ಎರಡು ಸಿಗರೇಟು ಸೇದಿದೆ, ಯಾರಿಗೂ ಹೇಳಲಿಲ್ಲ. ಹಳೇ ತಾರೀಖನ್ನೇ ಹಿಡಿದುಕೊಂಡು ಮೂರು ವಾರ ಗುಂಪಿಗೆ ಹೋಗಿ ಬಂದೆ. ಆ ಮೂರು ವಾರ ಯಾರ ಮುಖವನ್ನೂ ನೆಟ್ಟಗೆ ನೋಡಲಾಗಲಿಲ್ಲ. ಕೊನೆಗೆ ಹೇಳಿಕೊಂಡಾಗ ನಮ್ಮಲ್ಲೆಲ್ಲ ಹಿರಿಯರಾದ ಅಕ್ಕ, "ಸರಿ, ತಾರೀಖು ಬದಲಾಯಿಸಿಕೊಳ್ಳಪ್ಪ. ನಾಲ್ಕು ತಿಂಗಳಲ್ಲಿ ಕಲಿತದ್ದು ಎಲ್ಲಿಗೂ ಹೋಗಲ್ಲ" ಎಂದರು. ಅಷ್ಟೇ. ಇನ್ನೊಬ್ಬರು ನೋಟ್‌ಬುಕ್ಕಿನಲ್ಲಿ ಹಳೆಯ ತಾರೀಖು ಹೊಡೆದು ಹೊಸದು ಬರೆದರು.

ವಾರ್ಷಿಕೋತ್ಸವವನ್ನು ಮೇ 31ಕ್ಕೆ, ಅಂದರೆ ವಿಶ್ವ ತಂಬಾಕು ರಹಿತ ದಿನಕ್ಕೆ ಸೇರಿಸಿ ಮಾಡೋಣ ಎಂದು ಕೆಲವರು ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1988ರಲ್ಲಿ ಮೊದಲ ಸಲ ಅಂಥದೊಂದು ದಿನವನ್ನು ಏಪ್ರಿಲ್ 7ರಂದು ಆಚರಿಸಿತು, ಮರುವರ್ಷದಿಂದ ಮೇ 31 ನಿಗದಿಯಾಯಿತು. ಒಳ್ಳೆಯ ದಿನವೇ. ಆದರೆ ಅದು ಎಲ್ಲರ ದಿನ. ನಿಮ್ಮ ದಿನ ನಿಮ್ಮದಾಗಿಯೇ ಇರಲಿ. ಜ್ವರ ಬಂದವರಂತೆ ನಡುಗುತ್ತಾ ಕಳೆದ ಆ ನಿರ್ದಿಷ್ಟ ಮಂಗಳವಾರವೋ ಶುಕ್ರವಾರವೋ ನಿಮಗೆ ಮಾತ್ರ ಗೊತ್ತು.

ಯಾರನ್ನು ಕರೆಯಬೇಕು? ಮೊದಲ ವಾರದಲ್ಲಿ ನಿಮ್ಮನ್ನು ಸಹಿಸಿಕೊಂಡವರನ್ನು ಕರೆಯಿರಿ. ನಿಕೋಟಿನ್ ನಿಲ್ಲಿಸಿದವರಿಗೆ ಮೊದಲ ಎರಡು ಮೂರು ದಿನಗಳಲ್ಲೇ ಸಿಡುಕು, ಚಡಪಡಿಕೆ, ನಿದ್ದೆಗೇಡು ಎಲ್ಲ ಜಾಸ್ತಿ. ಪೂರ್ತಿ ಇಳಿಯಲು ಎರಡರಿಂದ ನಾಲ್ಕು ವಾರ ಬೇಕು. ಆ ಸಿಡುಕೆಲ್ಲ ಮನೆಯವರ ಮೇಲೇ ಬೀಳುತ್ತದೆ. ನಾನು ಮೂರನೇ ದಿನ ಕಪಾಟಿನ ಬಾಗಿಲನ್ನು ಎಷ್ಟು ಜೋರಾಗಿ ಬಡಿದೆನೆಂದರೆ ಮೇಲಿನ ಕೀಲು ಕಿತ್ತು ಬಂತು. ಹೆಂಡತಿ ಒಂದು ಮಾತೂ ಆಡಲಿಲ್ಲ. ಬಿದ್ದ ಸ್ಕ್ರೂಗಳನ್ನು ಹೆಕ್ಕಿ ಒಂದು ಡಬ್ಬಿಗೆ ಹಾಕಿಟ್ಟಳು. ರಿಪೇರಿ ಮಾಡಿಸಿದರೂ ಆ ಬಾಗಿಲು ಇವತ್ತಿಗೂ ಸರಿಯಾಗಿ ಕೂರುವುದಿಲ್ಲ, ಮುಚ್ಚುವಾಗ ಸ್ವಲ್ಪ ಮೇಲಕ್ಕೆತ್ತಿ ತಳ್ಳಬೇಕು. ಹತ್ತನೇ ವರ್ಷದ ಸಂಜೆ ನಾನು ಧನ್ಯವಾದ ಹೇಳಿದ್ದು ಆ ಸ್ಕ್ರೂಗಳ ಬಗ್ಗೆ. "ಎಲ್ಲರ ಸಹಕಾರಕ್ಕೆ ಋಣಿ" ಎನ್ನುವ ಮಾತು ಯಾರಿಗೂ ತಟ್ಟುವುದಿಲ್ಲ. ಯಾರು, ಯಾವತ್ತು, ಏನು ಮಾಡಿದರು ಅನ್ನುವುದನ್ನು ಹೇಳಿ. ಹೊಸಬರ ಜೊತೆ ಬಂದ ಮನೆಯವರಿಗೆ ಅದು ಮುಖ್ಯ. ತಮ್ಮ ಮನೆಯಲ್ಲಿ ನಡೆಯುತ್ತಿರುವುದು ಕೊನೆಯಿಲ್ಲದ ಜಗಳ ಅಲ್ಲ, ಕೆಲವೇ ವಾರಗಳ ಮಾತು ಎಂದು ಅವರಿಗೆ ಗೊತ್ತಾಗುತ್ತದೆ.

ಬಿಟ್ಟು ಮತ್ತೆ ಹಚ್ಚಿದವರನ್ನು ತಪ್ಪದೆ ಕರೆಯಿರಿ. ಕರೆಯುವ ಕೆಲಸವನ್ನು ಸ್ವತಃ ನೀವೇ ಮಾಡಿ, ಇನ್ನೊಬ್ಬರ ಕೈಲಿ ಹೇಳಿಸಬೇಡಿ. "ಸೇದುತ್ತಿದ್ದರೂ ಪರವಾಗಿಲ್ಲ, ಬನ್ನಿ, ಆ ಒಂದು ಗಂಟೆ ಮಾತ್ರ ಸೇದಬೇಡಿ" ಎಂದರೆ ಸಾಕು. ಇನ್ನೂ ಬಿಡದ ಸ್ನೇಹಿತರು ಬಂದರೆ ಅವರಿಗೆ ಉಪದೇಶ ಮಾಡಬೇಡಿ. ಅವರು ಬಂದು ಕೂತರೆ ಸಾಕು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನದ 12,067 ಜನರ ನಂಟುಗಳನ್ನು 1971ರಿಂದ 2003ರವರೆಗೆ ಹಿಂಬಾಲಿಸಿ ನೋಡಿದ ಒಂದು ಸಂಶೋಧನೆ 2008ರಲ್ಲಿ ಪ್ರಕಟವಾಯಿತು. ಗಂಡ ಹೆಂಡಿರಲ್ಲಿ ಒಬ್ಬರು ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ ಶೇ 67ರಷ್ಟು ಇಳಿಯುತ್ತದೆ, ಸ್ನೇಹಿತರು ಬಿಟ್ಟರೆ ಶೇ 36ರಷ್ಟು. ಜನ ಬಿಡಿಬಿಡಿಯಾಗಿ ಅಲ್ಲ, ಗುಂಪು ಗುಂಪಾಗಿ ಬಿಟ್ಟಿದ್ದರು. ನಮ್ಮ ಶನಿವಾರದ ಏಳು ಜನರಿಗೆ ಆಗ ಈ ಲೆಕ್ಕ ಗೊತ್ತಿರಲಿಲ್ಲ. ಪಕ್ಕದವರು ಇವತ್ತು ಸೇದಿಲ್ಲ ಅನ್ನುವುದಷ್ಟೇ ಗೊತ್ತಿತ್ತು, ಅಷ್ಟರಿಂದಲೇ ದಿನ ದಾಟುತ್ತಿದ್ದೆವು.

ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಗಿಲಾಚೆ ಯಾರೂ ಸೇದುತ್ತಾ ನಿಂತಿರದ ಕಡೆ ಸೇರಿ. ಮದ್ಯ ಬೇಡವೇ ಬೇಡ. ಹೊಸದಾಗಿ ಬಿಟ್ಟವರು ಜಾರುವುದು ಬಹಳ ಸಲ ಗ್ಲಾಸು ಕೈಯಲ್ಲಿದ್ದಾಗಲೇ. ಒಂದು ಗಂಟೆ ಸಾಕು, ಒಂದೂವರೆ ಮೀರಬಾರದು. ಊಟವಾದ ತಕ್ಷಣ ಕೈ ಜೇಬಿಗೆ ಹೋಗುವ ಅಭ್ಯಾಸ ಹೊಸಬರಿಗೆ ಇನ್ನೂ ಇರುತ್ತದೆ. ಆದ್ದರಿಂದ ತಿನ್ನುವುದು ಏನಿದ್ದರೂ ನಡುವೆ ಇಡಿ, ಕೊನೆಯಲ್ಲಿ ಇಡಬೇಡಿ. ತಿಂದಾದ ಮೇಲೂ ಅವರು ಸ್ವಲ್ಪ ಹೊತ್ತು ನಮ್ಮ ನಡುವೆಯೇ ಇರಲಿ.

ಕುರ್ಚಿಗಳನ್ನು ಸಾಲಾಗಿ ಹಾಕಬೇಡಿ, ದುಂಡಗೆ ಹಾಕಿ. ಮಾತಿನ ಸರದಿ ಕಡಿಮೆ ದಿನದವರಿಂದ ಶುರುವಾಗಲಿ. ಹೆಸರು ಹೇಳಿ, ದಿನಗಳ ಲೆಕ್ಕ ಹೇಳಿ ಸುಮ್ಮನಾಗಬಹುದು. "ನನಗೆ ಮೂರು ದಿನ" ಎಂದವರಿಗೆ ಮೊದಲ ಚಪ್ಪಾಳೆ. ಹತ್ತು ವರ್ಷದವರ ಸರದಿ ಕೊನೆಗೆ ಬರುತ್ತದೆ, ಅವರ ಮಾತು ಐದು ನಿಮಿಷ. ಮೊದಲಿಗೆ ಕೆಲವು ಹಳಬರಿಗೆ ಇದು ಹಿಡಿಸಲಿಲ್ಲ. ಒಂದೆರಡು ಸಂಜೆ ಕೂತು ನೋಡಿದ ಮೇಲೆ ಯಾರೂ ತಕರಾರು ತೆಗೆಯಲಿಲ್ಲ.

ಈಗ ನಮ್ಮ ಸಂಜೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನು ಅಳೆಯುವ, ಅಂಗೈ ಗಾತ್ರದ ಯಂತ್ರ ಒಂದಿದೆ. ತಂಬಾಕು ಬಿಡಿಸುವ ಚಿಕಿತ್ಸೆ ಕೊಡುವ ಕಡೆ ಸಾಮಾನ್ಯವಾಗಿ ಇರುತ್ತದೆ, ಕೇಳಿದರೆ ಆಪ್ತ ಸಲಹೆಗಾರರೇ ತೆಗೆದುಕೊಂಡು ಬರುವುದೂ ಉಂಟು. ಉಸಿರನ್ನು ಪೂರ್ತಿ ಎಳೆದು 15 ಸೆಕೆಂಡು ಹಿಡಿದು, ಕೊಳವೆಯೊಳಗೆ ನಿಧಾನವಾಗಿ ಊದಬೇಕು. ಕಳೆದ ಸಲ ಹೊಸಬರೊಬ್ಬರನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಂಡೆ, ಅವರಿಗೆ ಬಿಟ್ಟು ನಾಲ್ಕು ದಿನ. ವಯಸ್ಸು ಅರವತ್ತರ ಆಸುಪಾಸು, ಬೆರಳ ತುದಿಯಲ್ಲಿ ಇನ್ನೂ ಹಳದಿ ಕಲೆ. ಮೊದಲು ನಾನು ಊದಿದೆ. ಪರದೆಯ ಮೇಲೆ 2 ಬಂತು. ಅವರು ಊದುವಾಗ ಕಣ್ಣು ಮುಚ್ಚಿಕೊಂಡಿದ್ದರು. ಅಂಕಿ ನಿಧಾನಕ್ಕೆ ಏರಿ 2ಕ್ಕೆ ನಿಂತಿತು. ಕಣ್ಣು ಬಿಟ್ಟು ನೋಡಿದರು, ಯಂತ್ರವನ್ನು ತಿರುಗಿಸಿ ಮತ್ತೆ ನೋಡಿದರು. "ಇದು ನಿಮ್ಮದಾ ನನ್ನದಾ?" ಎಂದು ಕೇಳಿದರು. ಸಿಗರೇಟಿನ ಹೊಗೆಯಿಂದ ರಕ್ತ ಸೇರಿದ ಕಾರ್ಬನ್ ಮಾನಾಕ್ಸೈಡ್ ಒಂದೆರಡು ದಿನದೊಳಗೆ ಹೊರಟುಹೋಗುತ್ತದೆ. ಆ ಒಂದು ವಿಷಯದಲ್ಲಿ ನಾಲ್ಕು ದಿನದವರಿಗೂ ಹನ್ನೆರಡು ವರ್ಷದವನಿಗೂ ವ್ಯತ್ಯಾಸವೇ ಇಲ್ಲ. ಬಾಯಲ್ಲಿ ಎಷ್ಟು ಹೇಳಿದರೂ ನಂಬಿಕೆ ಬರದಿದ್ದವರಿಗೆ ಆ ಪುಟ್ಟ ಪರದೆ ನಂಬಿಕೆ ತರಿಸಿತು. ಗಮ್ಮು, ಪ್ಯಾಚು ಬಳಸುವವರೂ ಧೈರ್ಯವಾಗಿ ಊದಬಹುದು, ಅವುಗಳಿಂದ ಈ ಅಂಕಿ ಏರುವುದಿಲ್ಲ. ಇನ್ನೂ ಸೇದುತ್ತಿರುವವರನ್ನು ಮಾತ್ರ ಎಲ್ಲರೆದುರು ಊದಿ ಎಂದು ಒತ್ತಾಯಿಸಬೇಡಿ. ತಾವಾಗಿ ಕೇಳಿದರೆ ಪಕ್ಕಕ್ಕೆ ಕರೆದು ಕೊಡಿ.

ಯಂತ್ರ ಸಿಗದಿದ್ದರೂ ಚಿಂತೆಯಿಲ್ಲ, ನೋಟ್‌ಬುಕ್ ಒಂದಿದ್ದರೆ ಸಾಕು. ಬಿಟ್ಟ ಮೊದಲ 41 ದಿನ ನಾನು ಪ್ರತಿ ತಲಬನ್ನೂ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಬಂದ ಹೊತ್ತು, ಹೋದ ಹೊತ್ತು. "6.10 ಬೇಕು. 6.14 ಹೋಯ್ತು." "1.45 ಊಟ ಆಯ್ತು, ತುಂಬಾ ಬೇಕು. 1.50 ಇನ್ನೂ ಇದೆ. 1.52 ಹೋಯ್ತು." ಎರಡನೇ ದಿನದ ಪುಟದಲ್ಲಿ ಇಂಥ ಇಪ್ಪತ್ತಮೂರು ಸಾಲುಗಳಿವೆ, ಅಕ್ಷರ ಅಡ್ಡಾದಿಡ್ಡಿ, ಒಂದು ಕಡೆ ಪೆನ್ನು ಕಾಗದವನ್ನೇ ಹರಿದಿದೆ. ಮೂವತ್ತನೇ ದಿನದ ಪುಟದಲ್ಲಿ ನಾಲ್ಕೇ ಸಾಲು. ಪ್ರತಿ ವಾರ್ಷಿಕೋತ್ಸವದಲ್ಲೂ ಎರಡನೇ ದಿನದ ಪುಟವನ್ನು ಅತಿ ಹೊಸಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತೇನೆ. ಓದುತ್ತಾ ಓದುತ್ತಾ ಅವರ ದನಿ ಬದಲಾಗುತ್ತದೆ. ತಮ್ಮ ನಿನ್ನೆಯನ್ನೇ ಓದುತ್ತಿದ್ದೇವೆ ಅನ್ನುವುದು ಮುಖದಲ್ಲಿ ಕಾಣುತ್ತದೆ. ತಲಬು ಬಂದರೆ ಕೆಲವೇ ನಿಮಿಷ ಇರುತ್ತದೆ, ಸೇದಿದರೂ ಹೋಗುತ್ತದೆ, ಸೇದದಿದ್ದರೂ ಹೋಗುತ್ತದೆ ಎಂದು ಬೇರೆ ವಿವರಿಸಬೇಕಾಗಿಲ್ಲ, ಪುಟವೇ ಹೇಳುತ್ತದೆ. ನಿಮ್ಮ ಬಳಿ ಅಂಥ ಬರಹ ಇಲ್ಲದಿದ್ದರೆ ಆ ದಿನಗಳಲ್ಲಿ ಕಳಿಸಿದ ಒಂದು ಮೆಸೇಜು, ಕ್ಯಾಲೆಂಡರಿನ ಮೇಲೆ ಹಾಕಿದ ಗುರುತು ಏನಾದರೂ ಸಿಗುತ್ತದೆ, ಹುಡುಕಿ.

ಲೆಕ್ಕಗಳನ್ನು ಹೇಳುವುದಾದರೆ ಕಣ್ಣಿಗೆ ಕಟ್ಟುವಂತೆ ಹೇಳಿ. ದಿನಕ್ಕೆ 18ರಂತೆ ಹನ್ನೆರಡು ವರ್ಷಕ್ಕೆ ನಾನು ಸೇದದೇ ಉಳಿದದ್ದು 78,894 ಸಿಗರೇಟು. ಒಂದೊಂದೂ 84 ಮಿಲಿಮೀಟರ್ ಉದ್ದ ಎಂದಿಟ್ಟುಕೊಂಡು ತುದಿಗೆ ತುದಿ ಇಟ್ಟರೆ ಆರೂವರೆ ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ಒಂದಕ್ಕೆ ಆರು ನಿಮಿಷ ಹಿಡಿದರೆ ಹಗಲೂ ರಾತ್ರಿ ಸೇರಿ 328 ದಿನ. ಉಳಿದ ಹಣದ ಲೆಕ್ಕವನ್ನೂ ಹಾಕಿ. ಅದರಲ್ಲಿ ಸ್ವಲ್ಪವನ್ನು ಕೈಗೆ ಸಿಗುವಂಥ, ಮನೆಯವರೂ ಬಳಸುವಂಥ ವಸ್ತುವಿಗೆ ಖರ್ಚು ಮಾಡಿ.

ದೇಹದ ಲೆಕ್ಕ ಹೇಳುವಾಗ ಒಂದು ಎಚ್ಚರ ಬೇಕು. "ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸೇದುವವರಿಗಿಂತ ಸುಮಾರು ಅರ್ಧಕ್ಕೆ ಇಳಿಯುತ್ತದೆ" ಎನ್ನುವುದು ನಿಜ. ಆದರೆ ನಾಲ್ಕು ದಿನದವರಿಗೆ ಹತ್ತು ವರ್ಷ ಎಷ್ಟೋ ದೂರದಲ್ಲಿದೆ. ಆದ್ದರಿಂದ ಹತ್ತಿರದ್ದನ್ನು ಮೊದಲು ಹೇಳಿ. ಕೊನೆಯ ಸಿಗರೇಟಿನ 20 ನಿಮಿಷದಲ್ಲಿ ಎದೆಬಡಿತ ಇಳಿಯತೊಡಗುತ್ತದೆ. ಎರಡು ವಾರದಿಂದ ಮೂರು ತಿಂಗಳೊಳಗೆ ರಕ್ತಸಂಚಾರವೂ ಶ್ವಾಸಕೋಶದ ಕೆಲಸವೂ ಸುಧಾರಿಸುತ್ತವೆ, ಮುಂದಿನ ತಿಂಗಳುಗಳಲ್ಲಿ ಕೆಮ್ಮು, ಏದುಸಿರು ಕಡಿಮೆಯಾಗುತ್ತವೆ. ವರ್ಷ ತುಂಬುವಾಗ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಸೇದುವವರದ್ದಕ್ಕಿಂತ ಸುಮಾರು ಅರ್ಧ. ಅಲ್ಲಿಂದಾಚೆಗಿನದ್ದನ್ನು ವರ್ಷ ದಾಟಿದವರು ತಮ್ಮ ತಮ್ಮ ಸರದಿಯಲ್ಲಿ ಹೇಳಲಿ. ಐದು ವರ್ಷದವರ ಬಾಯಿಂದ ಐದು ವರ್ಷದ ಮಾತು, ಹತ್ತು ವರ್ಷದವರಿಂದ ಹತ್ತರದ್ದು. ಆಗ ಅದು ಪಾಠ ಅನಿಸುವುದಿಲ್ಲ, ಮುಂದಿನ ದಾರಿಯಲ್ಲಿ ಯಾರೋ ನಿಂತು ಕೈ ಬೀಸಿದ ಹಾಗಿರುತ್ತದೆ.

ಹಳದಿ ಬೆರಳಿನ ಆ ಹಿರಿಯರು ಅವತ್ತು ಕೇಳಿದ ಇನ್ನೊಂದು ಮಾತು, "ಈ ವಯಸ್ಸಿನಲ್ಲಿ ಬಿಟ್ಟು ಏನು ಬಂತು?" ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ಅಧ್ಯಯನದ ಫಲಿತಾಂಶ 2004ರಲ್ಲಿ ಬಂತು. 30ರಲ್ಲಿ ಬಿಟ್ಟವರಿಗೆ ಸುಮಾರು 10 ವರ್ಷ, 40ರಲ್ಲಿ 9, 50ರಲ್ಲಿ 6, 60ರಲ್ಲಿ ಬಿಟ್ಟರೂ 3 ವರ್ಷ ಆಯುಸ್ಸು ಉಳಿಯುತ್ತದೆ. ಅವರು ಮೂರು ಬೆರಳು ಮಡಚಿ, "ಮೊಮ್ಮಗಳು ಸ್ಕೂಲಿಗೆ ಸೇರ್ತಾಳೆ ಅಷ್ಟರಲ್ಲಿ" ಎಂದರು.

ಗುಂಪಿನಲ್ಲಿ ಕಾಯಿಲೆ ಬಂದ ಮೇಲೆ ಬಿಟ್ಟವರು ಇರುತ್ತಾರೆ. ಸೇದಿ ತೀರಿಕೊಂಡವರ ಮನೆಯವರೂ ಕೆಲವೊಮ್ಮೆ ಬಂದು ಕೂರುತ್ತಾರೆ. ಅವರೆದುರು "ಬೇಗ ಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ" ಎನ್ನುವ ಧಾಟಿಯ ಮಾತು ಬರಲೇಬಾರದು. ಕಾಯಿಲೆ ಬಂದ ಮೇಲೆ ಬಿಟ್ಟರೂ ಚಿಕಿತ್ಸೆಗೆ, ಉಸಿರಿಗೆ ಅದರಿಂದ ಒಳ್ಳೆಯದೇ ಆಗುತ್ತದೆ. ಅವರ ದಿನಗಳನ್ನೂ ಎಲ್ಲರ ದಿನಗಳಂತೆಯೇ ಎಣಿಸಿ.

ಕನಸಿನ ಮಾತನ್ನು ಹಳಬರು ಎತ್ತಬೇಕು. ಸಿಗರೇಟು ಸೇದಿದ ಹಾಗೆ ಕನಸು ಬಿದ್ದು ಬೆವತು ಏಳುವುದು ಬಿಟ್ಟವರಲ್ಲಿ ತೀರಾ ಸಾಮಾನ್ಯ, ವರ್ಷಗಳ ನಂತರವೂ ಬರುತ್ತದೆ. ನನಗೆ ಹೋದ ವರ್ಷವೂ ಬಿತ್ತು. ಹೊಸಬರು ಇದನ್ನು ಯಾರಿಗೂ ಹೇಳದೆ, ತಮ್ಮಲ್ಲೇ ಏನೋ ಐಬಿದೆ ಎಂದು ಹೆದರಿಕೊಂಡಿರುತ್ತಾರೆ. ಹನ್ನೆರಡು ವರ್ಷದವನ ಬಾಯಲ್ಲಿ ಇದನ್ನು ಕೇಳಿದಾಗ ದುಂಡಗಿನ ಕುರ್ಚಿಗಳಲ್ಲಿ ಎಷ್ಟು ಭುಜಗಳು ಸಡಿಲಾಗುತ್ತವೆ ನೋಡಿ.

ಹಳಬರಿಗೂ ಒಂದು ಮಾತು ಇದೆ, ಇದನ್ನು ಬಹಳ ಕಾಳಜಿಯಿಂದ ಹೇಳುತ್ತಿದ್ದೇನೆ. ನಮ್ಮ ಮೊದಲ ಏಳು ಜನರಲ್ಲಿ ಒಬ್ಬರು ಎಂಟು ವರ್ಷ ತುಂಬಿದ ಖುಷಿಯಲ್ಲಿ, ಬೇರೆ ಸ್ನೇಹಿತರ ಜೊತೆಯಿದ್ದಾಗ ಒಂದು ಸಿಗರೇಟು ಹಚ್ಚಿದರು. "ಇಷ್ಟು ವರ್ಷ ಆಗಿದೆ, ಒಂದರಿಂದ ಏನಾಗುತ್ತೆ?" ಮೂರು ವಾರದಲ್ಲಿ ದಿನಕ್ಕೊಂದು ಪ್ಯಾಕು. ಮಿದುಳು ನಿಕೋಟಿನ್ನಿನ ರುಚಿಯನ್ನು ಮರೆಯುವುದಿಲ್ಲ, ಎಷ್ಟೇ ವರ್ಷವಾಗಿದ್ದರೂ. ಅದಕ್ಕೇ ವಾರ್ಷಿಕೋತ್ಸವದ ಹಿಂದುಮುಂದಿನ ದಿನಗಳಲ್ಲಿ ಹಳಬರನ್ನು ಯಾರಾದರೂ ವಿಚಾರಿಸುತ್ತಿರಬೇಕು, "ಗೆದ್ದಾಯಿತು" ಅನ್ನುವ ನಿರಾಳ ಬರುವುದು ಆಗಲೇ. ಅವರು ಐದು ತಿಂಗಳು ನಮ್ಮ ಫೋನು ಎತ್ತಲಿಲ್ಲ. ಹಿರಿಯ ಅಕ್ಕ ಮಾತ್ರ ಪ್ರತಿ ಶನಿವಾರ ತಪ್ಪದೆ, "ಇವತ್ತು ಸೇರಿದ್ದೇವೆ" ಎಂದು ಒಂದೇ ಸಾಲಿನ ಮೆಸೇಜು ಕಳಿಸುತ್ತಿದ್ದರು. ಒಂದು ಶನಿವಾರ ಬಂದು ಬಾಗಿಲ ಹತ್ತಿರ ನಿಂತರು. ನಾವು ಅವರಿಗೆ ಮೊದಲನೇ ದಿನದ ಚಪ್ಪಾಳೆ ಹೊಡೆದೆವು. ಈಗ ಮತ್ತೆ ಎರಡು ವರ್ಷ ದಾಟಿದ್ದಾರೆ.

ವೈದ್ಯರನ್ನು ಕಾಣುವ ಕೆಲಸವನ್ನೂ ಈ ದಿನಕ್ಕೇ ಗಂಟು ಹಾಕಿ. ನಾನು ಪ್ರತಿ ವರ್ಷ ಆ ವಾರ ಹೋಗುತ್ತೇನೆ. ಬಿಟ್ಟು ಎಷ್ಟೇ ವರ್ಷವಾಗಿದ್ದರೂ ದಿನಕ್ಕೆ ಎಷ್ಟು, ಎಷ್ಟು ವರ್ಷ ಸೇದಿದ್ದಿರಿ ಎಂದು ಹೇಳಿ. ಅಪಾಯ ಅರ್ಧಕ್ಕೆ ಇಳಿಯುತ್ತದೆ ಎಂದರೆ ಉಳಿದರ್ಧ ಇದೆ ಎಂದೇ ಅರ್ಥ. ಶ್ವಾಸಕೋಶದ ತಪಾಸಣೆ ನಿಮಗೆ ಬೇಕೇ ಎಂದು ಕೇಳಿ. ವಾಸಿಯಾಗದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ವಾರ್ಷಿಕೋತ್ಸವದವರೆಗೆ ಕಾಯದೆ ಕೂಡಲೇ ಹೋಗಿ.

ಸಂಜೆ ಮುಗಿಯುವಾಗ ಹೊಸಬರ ಕೈಗೆ ಒಂದು ಖಾಲಿ ನೋಟ್‌ಬುಕ್ಕು, ಒಂದು ಪೆನ್ನು ಕೊಡಿ. ಅವರ ದಿನದಲ್ಲಿ ಅತಿ ಕಷ್ಟದ ಹೊತ್ತು ಯಾವುದು ಎಂದು ಕೇಳಿ ಬರೆದುಕೊಳ್ಳಿ. ಮರುದಿನ ಅದೇ ಹೊತ್ತಿಗೆ, ಯಾರಿಗೆ ವರ್ಷ ತುಂಬಿತೋ ಅವರೇ ಫೋನ್ ಮಾಡಬೇಕು. ನಮ್ಮಲ್ಲಿ ಇದು ತಪ್ಪುವುದಿಲ್ಲ. ಹಳದಿ ಬೆರಳಿನ ಹಿರಿಯರು ಹೇಳಿದ್ದು ಬೆಳಿಗ್ಗೆ ಎದ್ದ ತಕ್ಷಣ, ಆರು ಗಂಟೆ ಹೊತ್ತಿಗೆ ಎಂದು. ನಾನು ಅಲಾರಾಂ ಇಟ್ಟಿದ್ದರೂ ಸ್ವಲ್ಪ ತಡವಾಯಿತು, 6.10ಕ್ಕೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು. ನಾನು ಏನೂ ಕೇಳುವ ಮೊದಲೇ ಕಾಗದ ಸರಿಸಿದ ಸದ್ದು ಕೇಳಿಸಿತು. "6.03ಕ್ಕೆ ಬಂತು ಸರ್. 6.08ಕ್ಕೆ ಹೋಯ್ತು. ಬರೆದಿಟ್ಟಿದೀನಿ."